ಇನ್ನೂರು ಲಾರಿ

ಲಾರಿ ಅಂದರೆ ನಮ್ಮಲ್ಲಿ ದುಡ್ಡು.
ಗಾಲಿ ಇಲ್ಲ ಅದಕ್ಕೆ, ಆದರೂ
ನಿಂತಲ್ಲಿ ನಿಲ್ಲುವುದಿಲ್ಲ.

ತ್ಬಿಲಿಸಿಯ ಎಲಿಯಾವಾ ಸಂತೆಯ ಹಿಂದಿನ ಸಾಲಿನಲ್ಲಿ
ಹಳೆಯ ಟೈರುಗಳ ಗುಡ್ಡೆ ದಾಟಿದರೆ ನನ್ನ ಶೆಡ್ಡು.
ನವೆಂಬರಿನ ಒಂದು ಬೆಳಿಗ್ಗೆ ನುಗ್ಜಾರ್ ಬಂದ.
ಗಾಡಿ ತರಲಿಲ್ಲ, ಫೋನಿನಲ್ಲಿ ಅದರ ಚಿತ್ರ ತಂದ.
"ನೋಡು ಓತಿಯಾ, ರಾತ್ರಿ ನೆಟ್ಟಗೆ ನಿಲ್ಲಿಸಿದ್ದೆ,
ಎದ್ದು ನೋಡಿದರೆ ಹೀಗೆ."
ಗ್ಲ್ದಾನಿಯ ಒಂಬತ್ತು ಮಹಡಿಯ ವಠಾರದ ಕೆಳಗೆ
ಕಪ್ಪು ಗಾಡಿ, ಮುಂಗಾಲು ಎರಡೂ ಮಡಚಿ,
ನೊಗದಡಿ ಮಂಡಿಯೂರಿದ ಕೋಣದ ಹಾಗೆ.

ಇಪ್ಪತ್ತೆರಡು ವರ್ಷ ಹಳದಿ ವ್ಯಾನು ಓಡಿಸಿದವನು.
ಊರಿನ ಒಂದೊಂದು ಗುಂಡಿಯ ಲೆಕ್ಕವೂ ಅವನ ಸೊಂಟಕ್ಕೆ ಗೊತ್ತು.
ಬೆಟ್ಟ ನೋಡಲು ಬರುವ ವಿದೇಶಿಯರನ್ನು
ಚರ್ಮದ ಸೀಟಿನಲ್ಲಿ ಕೂರಿಸಿ ಕಜ್ಬೇಗಿಗೆ ಕರೆದೊಯ್ಯುತ್ತೇನೆ ಎಂದು
ಲಮಾರಾಳ ಹೊಲಿಗೆಯ ಉಳಿತಾಯವನ್ನೂ ಸೇರಿಸಿ
ರುಸ್ತಾವಿಯ ಗಾಡಿ ಮೈದಾನದಲ್ಲಿ ಕೊಂಡ.
ಹೊಸದಿದ್ದಾಗ ಅದರ ಬೆಲೆಗೆ ಒಂದು ಮನೆ ಬರುತ್ತಿತ್ತು.
ಹಳತಾದ ಮೇಲೆ ಅಗ್ಗವಾಗುವುದು ಗಾಡಿ ಮಾತ್ರ,
ಬಿಡಿಭಾಗಗಳಿಗೆ ವಯಸ್ಸಾಗುವುದಿಲ್ಲ.
ಇದನ್ನು ಯಾರೂ ಅವನಿಗೆ ಹೇಳಿರಲಿಲ್ಲ.
ಹೇಳಿದ್ದರೂ, ಆ ಬಾಗಿಲು ಮುಚ್ಚುವ ಸದ್ದು ಕೇಳಿದವನು,
ದಪ್ಪನೆಯ, ಮೆತ್ತನೆಯ, ಹೊಟ್ಟೆ ತುಂಬಿದ ಸದ್ದು,
ಇನ್ನೇನನ್ನೂ ಕೇಳಿಸಿಕೊಳ್ಳುವುದಿಲ್ಲ.

ಎಳೆಸಿ ತಂದೆವು.
ಮುಂದಿನ ಗಾಳಿಚೀಲ ಎರಡೂ ಸೀಳಿವೆ: ಸಾವಿರದ ಎಂಟುನೂರು.
ಸೋರುವ ಚೀಲಕ್ಕೆ ರಾತ್ರಿಯಿಡೀ ಊದಿ ಊದಿ
ಕಂಪ್ರೆಸರ್ ಸುಟ್ಟಿದೆ: ಒಂಬೈನೂರು.
ಕೂಲೆಂಟ್ ಹರಿಯುವ ಕೊಳವೆ ಪ್ಲಾಸ್ಟಿಕ್ಕಿನದು, ಬಿರುಕು ಬಿಟ್ಟಿದೆ.
ಕೊಳವೆಗೆ ತೊಂಬತ್ತು; ಅದನ್ನು ತಲುಪಲು
ಮೇಲಿನದ್ದೆಲ್ಲ ಕಳಚುವ ಕೂಲಿ ಏಳುನೂರು.
ಮೂಗಿಗಿಂತ ಮೂಗುತಿ ಭಾರ.
ಟೈಮಿಂಗ್ ಚೈನು, ಎಂಜಿನ್ನು ತಣ್ಣಗಿದ್ದಾಗ,
ಬೀಗದ ಕೈ ಗೊಂಚಲು ಅಲ್ಲಾಡಿಸಿದಂತೆ ಗಿಲಗಿಲ ಅನ್ನುತ್ತದೆ.
ಅದರ ಬೆಲೆ ಅವತ್ತು ಹೇಳಲಿಲ್ಲ.
ಸ್ಟೂಲಿನ ಮೇಲೆ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದ ನುಗ್ಜಾರ್
ಪ್ರತಿ ಅಂಕಿಗೂ ಒಂದು ಗಳಿಗೆ ನಿಲ್ಲಿಸಿ
ಮತ್ತೆ ಸುಲಿದ.

"ಒಮ್ಮೊಮ್ಮೆ ಕಿಟಕಿ ಗಾಜು ತಾನೇ ಇಳಿಯುತ್ತದೆ," ಅಂದ.
"ನಡುರಾತ್ರಿ ಹಾರ್ನು ಕೂಗುತ್ತದೆ.
ಪಾದ್ರಿಯನ್ನು ಕರೆಸೋಣ ಅನ್ನುತ್ತಾಳೆ ಲಮಾರಾ."
ಪಾದ್ರಿಗಿಂತ ಮೊದಲು ಸ್ಪ್ಯಾನರು ಎಂದು ನಕ್ಕು
ಸೀಟು ಬಿಚ್ಚಿದೆ. ಕಾರ್ಪೆಟ್ಟು ಎತ್ತಿದೆ.

ಹಸಿರು ಹಿಡಿದ ತಂತಿಗಳ ಕಂತೆ.
ಅದರಡಿ ನುಣ್ಣನೆಯ ಕೆಂಪು ಮಣ್ಣು, ಒಣಗಿ ಹೆಂಚಿನಂತೆ ಸೀಳಿತ್ತು.
ನಮ್ಮ ಮಣ್ಣಲ್ಲ.
ಸಾಗರದಾಚೆ ಯಾವುದೋ ಹೊಳೆ ಯಾರದೋ ಅಂಗಳಕ್ಕೆ ನುಗ್ಗಿ
ಈ ಸೀಟಿನಲ್ಲಿ ಒಂದು ರಾತ್ರಿ ಕೂತು ಎದ್ದುಹೋಗಿದೆ.
ಮಣ್ಣಲ್ಲಿ ಅರ್ಧ ಹೂತು
ಹಲ್ಲುಜ್ಜುವ ನೀಲಿ ಬ್ರಷ್ಷಿನ ತಲೆ.

ಗುರುತು ಸಿಕ್ಕಿತು.
ಹಿಡಿಕೆ ಮುರಿದದ್ದು ನನ್ನ ಕೈಯಲ್ಲೇ.
ಎರಡು ಚಳಿಗಾಲದ ಹಿಂದೆ, ಮೈದಾನದ ವ್ಯಾಪಾರಿ ಜುಂಬೇರ್
ಪೋತಿ ಬಂದರಿನಿಂದ ಇದನ್ನು ತಂದ. ಆಗ ಬೂದು ಬಣ್ಣ.
"ವಾಸನೆ ಹೋಗಬೇಕು, ಅಷ್ಟೇ."
ವಿನೆಗರ್ ಬಳಿದೆ, ಕಾಫಿಪುಡಿ ಚೆಲ್ಲಿದೆ, ಮೂರು ದಿನ ಬಿಸಿಗಾಳಿ ಬಿಟ್ಟೆ,
ಬೋಲ್ಟುಗಳ ಸಂದನ್ನು ಮಗುವಿನ ಹಲ್ಲಿನಂತೆ ಉಜ್ಜಿದೆ.
ಕಣ್ಣಿಗೆ ಬೀಳುವಷ್ಟು ತೊಳೆದೆ.
ಅಡಿಯದನ್ನು ಯಾರು ಎತ್ತಿ ನೋಡುತ್ತಾರೆ?
ಕೂಲಿ ಇನ್ನೂರು.
ಆ ತಿಂಗಳ ಗ್ಯಾಸಿನ ಬಿಲ್ಲು ಅದರಲ್ಲೇ ಕಟ್ಟಿದ್ದು.

"ಏನು ಸಿಕ್ಕಿತು?"
"ಮಣ್ಣು."
"ಬರೀ ಮಣ್ಣಾ?"
ಬ್ರಷ್ಷು ಆಗಲೇ ನನ್ನ ಜೇಬಿನಲ್ಲಿತ್ತು.

ರಟ್ಟಿನ ತುಂಡಿನ ಮೇಲೆ ಲೆಕ್ಕ ಬರೆದೆ.
ತಂತಿ ಕೆಲಸಕ್ಕೆ ಆರುನೂರು ಸೇರಿಸಿ, ಕೂಡಿ,
ಕೊನೆಗೆ ಒಂದು ಸಾಲು: ಕಡಿತ, ಇನ್ನೂರು.
ನುಗ್ಜಾರ್ ಅದನ್ನು ಎರಡು ಸಲ ಓದಿದ.
"ಈ ಕಾಲದಲ್ಲಿ ನಿನ್ನಂಥವರು," ಎಂದು ಹೆಗಲು ಹಿಡಿದ.
ಮಾತು ಮುಗಿಯುವ ಮೊದಲೇ ಹೊಸ ಕಂಪ್ರೆಸರ್ ಚಾಲೂ ಮಾಡಿದೆ.

ಗಾಡಿ ಉಸಿರೆಳೆದು ಮೆಲ್ಲಗೆ ಎದ್ದಿತು,
ಎಡಗಡೆ ಒಂದು ಬೆರಳಷ್ಟು ಕಡಿಮೆ.
ಚೈನಿನ ವಿಷಯ ಹೇಳುವುದು
ಇನ್ನೂ ಬಾಕಿ.