ಹತ್ತಕ್ಕಿಂತ ಕಡಿಮೆ

ಮೂರನೇ ತರಗತಿ, ಓದು: ನೂರಕ್ಕೆ ಮೂವತ್ತೆಂಟು.
ಹೋದ ವರ್ಷಕ್ಕಿಂತ ಎರಡು ಹೆಚ್ಚು ಎಂದು
ಪ್ರಿನ್ಸಿಪಾಲ್ ಲೋರ್ನಾ ಹ್ರುಸ್ಕಾ ಎರಡು ಸಲ ಹೇಳಿದರು.
ನಾನು ಆಫೀಸಿನವಳು, ಅಂಕಿ ತುಂಬುವವಳು.

ನೆಬ್ರಾಸ್ಕಾದ ಈ ಊರಿಗೆ ಮಾಂಸದ ಕಾರ್ಖಾನೆಯೇ ಗಡಿಯಾರ.
ರಾತ್ರಿಪಾಳಿ ಮುಗಿಸಿದ ಅಪ್ಪಂದಿರು
ಬ್ಲೀಚಿನ ವಾಸನೆ ಹೊತ್ತೇ ಬಂದು
ಮಕ್ಕಳನ್ನು ಗೇಟಿಗೆ ಬಿಟ್ಟು
ಕಾರಿನಲ್ಲೇ ತೂಕಡಿಸುತ್ತಾರೆ.

ಮನೆಮಾತು? ಪಟ್ಟಿಯಲ್ಲಿ ಹನ್ನೊಂದು ಹೆಸರು.
ಮಾತೇವೊನ ತಾಯಿ ಹೇಳಿದ್ದು ಅದರಲ್ಲಿಲ್ಲ,
ಗ್ವಾಟೆಮಾಲಾದ ಯಾವುದೋ ಬೆಟ್ಟದ ನುಡಿ.
ಸ್ಪ್ಯಾನಿಷ್ ಎಂದು ಒತ್ತಿದೆ.
ಆಕೆ ನಕ್ಕಳು, ನನಗೂ ಅದು ಅಷ್ಟಕ್ಕಷ್ಟೇ ಎಂಬಂತೆ.

ಹತ್ತಕ್ಕಿಂತ ಕಡಿಮೆ ಮಂದಿಯ ಗುಂಪಿಗೆ
ಅಂಕಿ ಹಾಕುವಂತಿಲ್ಲ;
ಯಾರೆಂದು ಗುರುತು ಸಿಕ್ಕೀತು, ಅದಕ್ಕೆ.
ಬದಲಿಗೆ ಒಂದು ಪುಟ್ಟ ನಕ್ಷತ್ರ.
ಬರ್ಮಾ ಗಡಿಯ ಶಿಬಿರ ದಾಟಿ ಬಂದ
ಕರೆನ್ ಮಕ್ಕಳು ನಮ್ಮಲ್ಲಿ ಆರು.

ಆರರಲ್ಲೊಬ್ಬಳು, ಸೇರ್ ಪಾವ್,
ಮೂಗಿಗೆ ಹತ್ತಿ ಒತ್ತಿಕೊಂಡು
ನನ್ನ ಪಕ್ಕದ ಕುರ್ಚಿಯಲ್ಲಿ ಕಾಲಾಡಿಸುತ್ತಿದ್ದಳು.
ರಕ್ತ ನಿಂತಿತ್ತು, ಆದರೂ ತರಗತಿಗೆ ಹೋಗಲೊಲ್ಲಳು.
"ಈ ಸ್ಟಾರು ಯಾರಿಗೆ?"
ಏನು ಹೇಳಲಿ. ನಿಮಗೇ, ಅಂದೆ.
"ಯಾತಕ್ಕೆ?"

ಅಡಿಟಿಪ್ಪಣಿಯ ಕೆಳಗೆ ಬೆರಳಿಟ್ಟು
ಅವಳೇ ಓದತೊಡಗಿದಳು,
ಗೋ... ಪ್ಯ... ತೆ...
ಹತ್ತಿ ಜಾರಿ ಬಿತ್ತು, ಗಮನಿಸಲಿಲ್ಲ.
ಆ ಓದು ಯಾವ ಕಾಲಮ್ಮಿಗೂ ಸೇರದು,
ಪರೀಕ್ಷೆ ಏಪ್ರಿಲ್‌ನಲ್ಲೇ ಮುಗಿದಿತ್ತು.

ಗಣಿತದ ಚೌಕ ಇನ್ನೂ ಖಾಲಿ.
"ಇಲ್ಲಿಗೆ ನಾನು ಹಾಕಲಾ?"
ಶಿಫ್ಟ್ ಹಿಡಿದು ತೋರಿಸಿದೆ:
ಎಂಟರ ತಲೆಯ ಮೇಲಿದೆ ನೋಡು.

ಬಲವಾಗಿ ಒತ್ತಿದಳು. ಎರಡು ಬಂದವು.
ಅವಳು ತರಗತಿಗೆ ಹೋದ ಮೇಲೆ
ಒಂದನ್ನು ಅಳಿಸಿದೆ.