ಒಳಗೆ ಒಂದಿಂಚು

ಶಿವರಾಂಪೇಟೆಯ ಓಣಿಯಲ್ಲಿ, ಫ್ಯಾನು
ತಲೆಗೆ ತಾಗುವಷ್ಟು ತಗ್ಗಿನ ಅಂಗಡಿ.
ಗಾಜಿನ ಕೆಳಗೆ ಬಿಸ್ಕತ್ತಿನಷ್ಟೇ ಅಗಲದ ಎರಡು ಬಿಲ್ಲೆ.
ಒಂದಕ್ಕೆ ಹತ್ತೂವರೆ ಸಾವಿರ, ಇನ್ನೊಂದಕ್ಕೆ ಇಪ್ಪತ್ತನಾಲ್ಕು.
ನನ್ನ ಕಣ್ಣಿಗೆ ಎರಡೂ
ಒಂದೇ ಥಾನಿನಿಂದ ಕತ್ತರಿಸಿದ ಹಾಗೆ.

"ಇದೇ ಮೆದುಳು ಆಂಟಿ," ಅಂದ ಸುಹೇಲ,
"ಆರು ಕೋರು, ಹನ್ನೆರಡು ಥ್ರೆಡ್ಡು."
ಅಲ್ಲಿಯವರೆಗೆ ತೂಕಡಿಸುತ್ತಿದ್ದ ನನ್ನ ಕಿವಿ
ಥ್ರೆಡ್ಡು ಅಂದದ್ದೇ ನೆಟ್ಟಗಾಯಿತು.
ಹನ್ನೆರಡೇ? ನನ್ನ ಡಬ್ಬದಲ್ಲಿ
ಗಿಣಿಹಸಿರೊಂದರಲ್ಲೇ ಹದಿನಾಲ್ಕು ಬಗೆ ಇದೆಯಲ್ಲಪ್ಪ.
ಇಂಚರ ನಾಚಿಕೊಂಡು ನನ್ನ ಮೊಣಕೈ ಹಿಂಡಿದಳು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಅಳತೆ.
ಓಂಕಾರನಿಗೆ ಫುಟ್‌ಬಾಲು.
ಇಪ್ಪತ್ತು ವರ್ಷ ಸಿಟಿ ಬಸ್ಸಿನ ಸ್ಟಿಯರಿಂಗ್ ಹಿಡಿದು
ಗಂಟೆಗೆ ನಲವತ್ತು ದಾಟದ ಇವರಿಗೆ
ಕಾರು ರೇಸು.
ಅತ್ತೆ ತುಳಜಮ್ಮನವರಿಗೆ ಇಸ್ಪೀಟು, ಅದೂ ಒಬ್ಬರೇ ಆಡುವುದು.
"ಮೋಸ ಮಾಡಿದರೆ ಅದಕ್ಕೆ ಗೊತ್ತಾಗಬಾರದು, ಕೇಳಿಕೊಂಡು ಬಾ."
ಇಂಚರ ಏನು ಆಡುತ್ತಾಳೋ ಹೇಳಿಲ್ಲ.
ಅವಳದೊಂದು ನೋಟ್‌ಬುಕ್ಕು,
ಮೂರು ತಿಂಗಳ ಲೆಕ್ಕ, ಪೆನ್ಸಿಲಿನಲ್ಲಿ.

"ದೊಡ್ಡದರಲ್ಲಿ ಹುಲ್ಲಿನ ಒಂದೊಂದು ಎಸಳೂ ಕಾಣುತ್ತೆ,"
ಓಂಕಾರ ಗಾಜಿಗೆ ಮೂಗು ಒತ್ತಿ ಹೇಳಿದ.
ಹುಲ್ಲು ನೋಡಲು ಲಿಂಗಾಂಬುಧಿ ಕೆರೆ ಏರಿ ಇದೆ ಕಣೋ,
ದುಡ್ಡಿಲ್ಲದೆ ತೋರಿಸುತ್ತಾರೆ.

ನನಗೆ ಬರುವುದು ಒಂದೇ ಲೆಕ್ಕ.
ಲೈನಿಂಗ್ ರವಿಕೆಗೆ ಇನ್ನೂರೈವತ್ತು.
ಚಿಕ್ಕ ಬಿಲ್ಲೆ ಅಂದರೆ ನಲವತ್ತೆರಡು ರವಿಕೆ.
ದೊಡ್ಡದು ತೊಂಬತ್ತಾರು.
ಪೆಟ್ಟಿಗೆ, ಬೋರ್ಡು, ಮಿಕ್ಕಿದ್ದಕ್ಕೆಲ್ಲ ಇವರ ಚೀಟಿ ದುಡ್ಡು;
ಮೆದುಳು ಮಾತ್ರ ನನ್ನ ಪಾಲಿಗೆ.
ಜೋರಾಗಿಯೇ ಎಣಿಸಿದೆನೇನೋ.
ಇಂಚರ ನೋಟ್‌ಬುಕ್ಕು ಮುಚ್ಚಿ
ತನ್ನ ಬೆರಳ ತುದಿ ನೋಡಿಕೊಂಡಳು.

ಹುಕ್ಕು ಹಾಕುವವಳು ಅವಳು.
ರಾತ್ರಿ ಹೋಂವರ್ಕು ಮುಗಿಸಿ, ರವಿಕೆಗೆ ಐದರಂತೆ.
"ಚಿಕ್ಕದೇ ಸಾಕು," ಅಂದಳು,
ಇನ್ನೂರ ಹತ್ತು ಹುಕ್ಕಿನ ದನಿಯಲ್ಲಿ.

ಸುಹೇಲ ವ್ಯಾಪಾರಿಯಾದರೂ ಬಾಯಿ ತಪ್ಪಿ ನಿಜ ಹೇಳಿದ:
"ಚಿತ್ರ ಬಿಡಿಸೋದು ಇದರೊಳಗೇ ಇದೆ,
ಬೇರೆ ಕಾರ್ಡು ಈಗ ಬೇಡ. ಫ್ಯಾನೂ ಡಬ್ಬದಲ್ಲೇ ಬರುತ್ತೆ.
ಮುಂದೆ ಕೈಲಿ ದುಡ್ಡಾದಾಗ ಇದನ್ನು ತೆಗೆದು ದೊಡ್ಡದು ಕೂರಿಸಿ.
ಬೋರ್ಡು ಅದೇ, ಜಾಗ ಅದೇ."

ಆಗ ನನಗೆ ಪೂರ್ತಿ ತಿಳಿಯಿತು.
ಬೆಳೆಯುವ ಹುಡುಗಿಯ ಲಂಗಕ್ಕೆ
ಹೊಲಿಗೆಯೊಳಗೆ ಒಂದಿಂಚು ಬಟ್ಟೆ ಬಿಡುತ್ತೇವಲ್ಲ,
ಹೊರಗಿನಿಂದ ಯಾರಿಗೂ ಕಾಣದ ಹಾಗೆ,
ಮುಂದಿನ ದಸರೆಗೆ ಬಿಚ್ಚಿ ಸಡಿಲಿಸಲು.
ಇದನ್ನು ಮಾಡಿದವನು ಯಾವ ದೇಶದವನೋ,
ಅವನ ಮನೆಯಲ್ಲೂ ಒಬ್ಬ ದರ್ಜಿ ಇದ್ದಿರಬೇಕು.

ಮನೆಗೆ ತಂದು ತಿರುಗಿಸಿ ನೋಡಿದರೆ
ಬಿಲ್ಲೆಯ ಅಡಿಗೆ ಸಾವಿರಕ್ಕೂ ಮೀರಿ ಸೂಜಿ,
ಚಿನ್ನದ ನೀರು ಕುಡಿದವು.
ಇವರ ಕೈ ನಡುಗಿತು. ಓಂಕಾರ ಉಸಿರೇ ಬಿಡಲಿಲ್ಲ.
ಇತ್ತ ಕೊಡಿ, ಅಂದೆ.
ಬಿಲ್ಲೆಯ ಮೂಲೆಯಲ್ಲೊಂದು ತ್ರಿಕೋನ, ಬೋರ್ಡಿನಲ್ಲೊಂದು ತ್ರಿಕೋನ,
ತೋಳಿನ ಗುರುತಿಗೆ ಹೆಗಲಿನ ಗುರುತು ಕೂಡಿಸುವ ಹಾಗೆ.
ಒತ್ತಲಿಲ್ಲ. ಇಟ್ಟೆ.
ತಾನೇ ಇಳಿಯಿತು.

"ಮೆದುಳು ಕೂತಿತೇನೇ?" ಅತ್ತೆ ನಡುಮನೆಯಿಂದ.

ಮೊದಲ ರೇಸಿಗೇ ಕಾರು ಏದುಸಿರು ಬಿಟ್ಟಿತು,
ನಿಂತು ನಿಂತು, ಸಂಜೆ ಆರಕ್ಕೆ
ಅಗ್ರಹಾರದ ಸರ್ಕಲ್ಲಿನಲ್ಲಿ ಇವರ ಬಸ್ಸಿನ ಹಾಗೆ.
ನನ್ನ ಹೊಟ್ಟೆಯಲ್ಲಿ ನಲವತ್ತೆರಡು ರವಿಕೆ ಒಟ್ಟಿಗೆ ಬಿಗಿದವು.
ಇಂಚರ ಏನೋ ತೆರೆದು, ಇನ್ನೇನೋ ಒತ್ತಿ,
ಮರಗಳ ನೆರಳು ಕಮ್ಮಿ ಮಾಡಿದಳು.

ಅಷ್ಟೇ. ಕಾರು ಓಡಿತು.
ನೆರಳಿಲ್ಲದ ಮರಗಳ ನಡುವೆ
ನನ್ನ ಗಂಡ, ನೂರಾ ಎಂಬತ್ತರಲ್ಲಿ.

ನಾನು ಮೆಷಿನ್ನಿಗೆ ವಾಪಸಾದೆ.
ಇನ್ನೂ ಹನ್ನೊಂದು ಬಾಕಿ.