ಕೈಗವಸು ತೆಗೆ

ಮೊದಲು ಕೈಗವಸು ತೆಗೆ, ತ್ಸಿಯುರಿ.
ಚಳಿ ಇದೆ, ಗೊತ್ತು. ಸೀಮೆಎಣ್ಣೆ ಒಲೆ ಇಟ್ಟಿರುವುದು
ಬೆರಳಿಗಾಗಿ, ಪಾದಕ್ಕಲ್ಲ.
ಕರೆಂಟು ಆರಕ್ಕೆ ಹೋಗುತ್ತದೆ, ಕೆಲವು ದಿನ ಐದಕ್ಕೇ.
ತ್ಬಿಲಿಸಿಯ ಸ್ಟೇಷನ್ ಚೌಕದ ಅಷ್ಟೂ ಗೂಡಂಗಡಿ
ಒಂದೇ ಸಲಕ್ಕೆ ಕಣ್ಣು ಮುಚ್ಚುತ್ತವೆ.
ಆಗಲೇ ಬರುತ್ತಾರೆ ಅವರು.

ಖೋಟಾ ನೋಟು ಹಗಲು ಓಡಾಡುವುದಿಲ್ಲ ಅಂತಲ್ಲ,
ಸಂಜೆ ಅದಕ್ಕೆ ಧೈರ್ಯ ಜಾಸ್ತಿ.

ತಗೋ, ನೂರರ ಡಾಲರು.
ಮುಖ ನೋಡಬೇಡ; ಮುಖ ಯಾರು ಬೇಕಾದರೂ ಬರೆದಾರು.
ಆ ಮುದುಕನ ಕೋಟಿನ ಕೊರಳಪಟ್ಟಿ ಇದೆಯಲ್ಲ,
ಅಲ್ಲಿ ಉಗುರು ಎಳೆ, ಮೆಲ್ಲಗೆ.
ಬೆಕ್ಕಿನ ನಾಲಗೆಯಂಥ ತರಿ ಸಿಕ್ಕಿತೆ?
ಹೂಂ ಅನ್ನುತ್ತೀಯ. ಇರಲಿ.
ಸಿಕ್ಕರೂ ಅರ್ಧವೇ ಗೆದ್ದ ಹಾಗೆ, ಸಿಗದಿದ್ದರೂ ಅರ್ಧವೇ ಸೋತ ಹಾಗೆ:
ಹಳೆಯ ನೋಟು ಸವೆದಿರುತ್ತದೆ,
ಸವೆದದ್ದೆಲ್ಲ ಸುಳ್ಳಲ್ಲ.

ಕೆಂಪು ನೀಲಿ ಎಳೆಗಳು ಕಾಗದದ ಒಳಗೆ ಮಲಗಿರುತ್ತವೆ.
ಸೂಜಿಯಿಂದ ಕೆದಕಿದರೆ ಒಂದಾದರೂ ಎದ್ದು ಬರಬೇಕು
ಹುಬ್ಬಿನ ಕೂದಲಿನ ಹಾಗೆ.
ಮೇಲೆ ಅಚ್ಚು ಒತ್ತಿದ್ದಾದರೆ
ಸೂಜಿಗೆ ಬಣ್ಣದ ಪುಡಿ ಹತ್ತುತ್ತದೆ, ಅಷ್ಟೆ.

ಮೋಂಬತ್ತಿಗೆ ಹಿಡಿ. ಎಡಗಡೆ ಒಂದು ಪಟ್ಟಿ
ಬೆಳಕು ಬಿದ್ದಾಗ ಮಾತ್ರ ಏಳಬೇಕು.
ಬೆಳಕಿಲ್ಲದೆಯೂ ಕಂಡರೆ
ಅದು ಕಾಣಲೆಂದೇ ಯಾರೋ ಬರೆದದ್ದು.
ದೂರ ಹಿಡಿಯೇ! ಹೋದ ತಿಂಗಳು ಲಮಾರಾ
ಅಪ್ಪಟ ಐವತ್ತರ ಮೂಲೆ ಸುಟ್ಟಳು.

ಇನ್ನು ಸದ್ದು. ಕಿವಿಯ ಹತ್ತಿರ ತಂದು ಒಮ್ಮೆ ಕೊಡವು.
ಇದು ನನ್ನ ವಿದ್ಯೆ, ಬೇರೆಯವರು ಹೇಳಿಕೊಡುವುದಿಲ್ಲ.
ಇಪ್ಪತ್ತೆರಡು ವರ್ಷ ಪಿಯಾನೊ ಕಲಿಸಿದವಳು ನಾನು,
ಮುಚ್ಚಿದ ಬಾಗಿಲಾಚೆ ಯಾವ ಮಗುವಿನ ಯಾವ ಬೆರಳು
ತಪ್ಪಿತೆಂದು ಹೇಳುತ್ತಿದ್ದೆ.
ಹತ್ತಿಯ ಕಾಗದ ಗರಗರ ಅನ್ನುತ್ತದೆ.
ಇನ್ನೊಂದು ಕೆಮ್ಮಿ ಸುಮ್ಮನಾಗುತ್ತದೆ.

ಆ ಪಿಯಾನೊ ಮಾರಿದ್ದು ಕೂಪನ್ನಿನ ಕಾಲದಲ್ಲಿ.
(ನಮ್ಮ ಕೂಪನ್ನನ್ನು ಯಾರೂ ಖೋಟಾ ಮಾಡಲಿಲ್ಲ,
ಕಾಗದದ ಖರ್ಚೂ ಗಿಟ್ಟುತ್ತಿರಲಿಲ್ಲ.)
ಮುನ್ನೂರು ಡಾಲರು. ನಾಲ್ಕು ಜನ ಹೊತ್ತು ಇಳಿಸುವಾಗ
ಮೂರನೇ ಮಹಡಿಯ ತಿರುವಿನಲ್ಲಿ ಯಾವುದೋ ತಂತಿ ಮಿಡಿಯಿತು,
ಅದನ್ನೇ ಕೇಳುತ್ತಾ ನಿಂತೆ.
ನೋಟು ಕೇಳಲಿಲ್ಲ.
ಎರಡು ಮಾತಾಡುವಂಥವು. ಒಂದು ಮೂಗಿ.

ಹೇಳಿಬಿಡುತ್ತೇನೆ, ಹೊರಗೆ ಆಡಬೇಡ.
ಅದನ್ನು ದಾಟಿಸಿದೆ.
ಹಿಟ್ಟಿಗಾಗಿ, ರೊಟ್ಟಿ ಸುಡುವ ಗ್ರಾಮಿಟೋನನಿಗೆ, ಕರೆಂಟು ಹೋದ ಮೇಲೆ.
ಚಿಲ್ಲರೆ ಎಣಿಸುತ್ತಾ ಅವನು
ನಮ್ಮಮ್ಮನ ಮಂಡಿನೋವು ಹೇಗಿದೆ ಎಂದು ಕೇಳಿದ.
ಮೂಲೆಯಲ್ಲಿ ಪೆನ್ಸಿಲಿನ ಒಂದು ಚುಕ್ಕೆ ಇಟ್ಟಿದ್ದೆ,
ಊರು ಸುತ್ತಿ ನನ್ನ ಕೈಗೇ ಮರಳಿದರೆ
ಗುರುತು ಸಿಗಲೆಂದು.

ಊರು ಸುತ್ತಲಿಲ್ಲ ಅದು.
ಲರಿ ನೋಟು ಬಂತು, ನಾನು ಈ ಗೂಡಿಗೆ ಬಂದೆ.
ಒಂದು ಸಂಜೆ ಅವನ ಹೆಂಡತಿ, ಕರಿಯ ಸ್ಕಾರ್ಫು,
ಒಳಜೇಬಿನಿಂದ ನಾಲ್ಕು ಮಡಿಕೆಯ ನೂರು ತೆಗೆದಳು:
“ಇದನ್ನು ಅವರು ಮುಟ್ಟಲೇ ಇಲ್ಲ ನೋಡು.
ನನ್ನ ಮಣ್ಣಿಗೆ ಅಂತ ಎತ್ತಿಟ್ಟಿದ್ದರು.
ಅವರದಕ್ಕೇ ಆಯಿತು.”

ಪರೀಕ್ಷೆ ಬೇಕಿರಲಿಲ್ಲ. ಚುಕ್ಕೆ ಇತ್ತು.
ಆದರೂ ಉಗುರು ಎಳೆದೆ, ಸೂಜಿ ಆಡಿಸಿದೆ,
ಮೋಂಬತ್ತಿಗೆ ಹಿಡಿದೆ, ಸಾಲಿನಲ್ಲಿದ್ದವರು ನೋಡಲೆಂದು.
ಕೊಡವಲಿಲ್ಲ ಮಾತ್ರ.
“ಚೆನ್ನಾಗಿದೆ” ಅಂದೆ.
ಅವತ್ತಿನ ದರಕ್ಕೆ ನೂರ ಇಪ್ಪತ್ತೈದು ಲರಿ ಆಗಬೇಕು.
ನೂರ ಇಪ್ಪತ್ತಮೂರು ಕೊಟ್ಟೆ.
ಎರಡು ಯಾಕೆ ಹಿಡಿದೆನೋ ಇವತ್ತಿಗೂ ತಿಳಿಯದು.
ಮಡಿಸಿದ ನೋಟಿಗೆ ಕಡಿತ ಇದೆ ಎಂದಿದ್ದೆ.
ಅವಳು ತಲೆಯಾಡಿಸಿ, ಥ್ಯಾಂಕ್ಸ್ ಹೇಳಿ ಹೋದಳು.

ಒಲೆಯ ಬತ್ತಿ ತಗ್ಗಿಸು, ಹೊಗೆ ಬರುತ್ತಿದೆ.

ಇದೇ ಅದು.
ಆಗಿನಿಂದ ನಿನ್ನ ಕೈಯಲ್ಲೇ ಇದೆ.
ತರಿ ಸಿಕ್ಕಿತೆ ಅಂದಾಗ ಹೂಂ ಅಂದೆಯಲ್ಲ ನೀನು.
ಬೇಡ, ಕೈಗವಸು ಹಾಕಬೇಡ.
ಇನ್ನೊಮ್ಮೆ ಎಳೆ.